ಅಪ್ಪನ ನಕಾಶೆಯಲ್ಲಿ ಡ್ಯಾಮು ಮೇಲಿತ್ತು

ಮೊದಲ ಸಲ ಮೌಲ್ಯಮಾಪನಕ್ಕೆಂದು ಬಳ್ಳಾರಿಗೆ ಹೋದ ವರ್ಷ ನಾನು ಒಂದು ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು ಇಡೀ ಕೋಣೆಯನ್ನು ನಗಿಸಿದ್ದೆ. ಹತ್ತನೇ ತರಗತಿಯ ಸಮಾಜ ವಿಜ್ಞಾನ. ಯಾವ ಊರಿನ ಯಾವ ಮಗುವೋ, ಭಾರತದ ನಕಾಶೆಯನ್ನು ಅಡ್ಡಡ್ಡ ಬರೆದಿಟ್ಟಿತ್ತು. ಕನ್ಯಾಕುಮಾರಿ ಎಡಗಡೆ, ಕಾಶ್ಮೀರ ಬಲಗಡೆ. "ನೋಡ್ರಿ ಇಲ್ಲೆ, ನಮ್ಮ ದೇಶಕ್ಕ ನಿದ್ದಿ ಬಂದೈತಿ" ಎಂದೆ. ಏಪ್ರಿಲ್ ಬಿಸಿಲು, ತಲೆಯ ಮೇಲೆ ಬಿಸಿಗಾಳಿ ಬೀಸುವ ಫ್ಯಾನು, ಬೆಳಗಿನಿಂದ ಕೆಂಪು ಪೆನ್ನು ಹಿಡಿದು ಸೋತ ಕೈಗಳು. ಅಷ್ಟೇ ಸಾಕಾಯಿತು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಆ ನಕಾಶೆಯ ಮೇಲೆ ಒಂದು ಗೀಟು ಎಳೆದು, ಸೊನ್ನೆ ಹಾಕಿ, ಮುಂದಿನ ಪತ್ರಿಕೆ ತೆಗೆದುಕೊಂಡೆ.

ನಾನು ಕುರುಗೋಡಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ಕಲಿಸುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಮಕ್ಕಳು ಹೇಳುತ್ತಾರೆ, ಅವ್ವನೂ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತದೆ ಎಂದು ನಾನು ಹೇಳಿಕೊಳ್ಳುತ್ತೇನಲ್ಲ, ಅದಕ್ಕೆ ಮಾತ್ರ ಸಾಕ್ಷಿ ಹೇಳುವವರು ಯಾರೂ ಇಲ್ಲ.

ಅಪ್ಪ ಸಿರುಗುಪ್ಪದ ಕಡೆಯ ನಮ್ಮೂರಿನಲ್ಲಿ ಕಾಲುವೆಯ ಗ್ಯಾಂಗ್‌ಮನ್. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಕಾಲುವೆಯ ಏರಿಯ ಮೇಲೆ ದಿನವೂ ಮೈಲಿಗಟ್ಟಲೆ ನಡೆಯುವುದು, ಎಲ್ಲಿ ಮಣ್ಣು ಕುಸಿದಿದೆ ನೋಡುವುದು, ಯಾರು ಕದ್ದು ಪೈಪು ಹಾಕಿದ್ದಾರೆ ಹುಡುಕುವುದು, ನೀರಿನ ಸರದಿಗೆ ಜಗಳ ಬಿದ್ದವರನ್ನು ಬಿಡಿಸುವುದು, ಇಷ್ಟು ಕೆಲಸ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರು ತೆಲುಗಿನಲ್ಲಿ ಬೈದರೆ ತೆಲುಗಿನಲ್ಲೇ ಉತ್ತರ ಕೊಡುತ್ತಾನೆ, ನಮ್ಮವರು ಕನ್ನಡದಲ್ಲಿ ಬೈದರೆ ಸುಮ್ಮನಿರುತ್ತಾನೆ. ಮೂವತ್ತು ವರ್ಷ ಹೀಗೆ ನಡೆದ ಮೇಲೆ ಮೊಣಕಾಲು ಕೈಕೊಟ್ಟವು. ಆಗ ನೀರಾವರಿ ಕಚೇರಿಯವರು ಒಂದು ದಾರಿ ಹೇಳಿದರು. ಕಾಲುವೆಯ ಪಕ್ಕ ಒಂದು ಸಣ್ಣ ಶೆಡ್ಡಿದೆ. ಅಲ್ಲಿ ಕೂತು, ನೀರಿನೊಳಗೆ ನಿಲ್ಲಿಸಿದ ಗೇಜು ಪಟ್ಟಿಯ ಮೇಲೆ ನೀರು ಎಷ್ಟು ಅಡಿ ಇದೆ ನೋಡಿ, ಹೊತ್ತು ಹೊತ್ತಿಗೆ ಫೋನಿನಲ್ಲಿ ತಿಳಿಸುವ ಕೆಲಸ. ನಡೆಯಬೇಕಾಗಿಲ್ಲ. ಆದರೆ ಆ ಕೆಲಸಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು. ಅಪ್ಪ ಓದಿದ್ದು ಏಳು.

"ಕೆನಾಲ್ ಬಿಟ್ಟ ಮನ್ಯಾಗ ಕುಂತ್ರ ನಾ ಹುಚ್ಚ ಆಗ್ತೀನವ್ವ" ಎಂದ. ತಮಾಷೆ ಅನಿಸಲಿಲ್ಲ ನನಗೆ. ಕಾಲುವೆಗೆ ನೀರು ಬಿಡದ ತಿಂಗಳುಗಳಲ್ಲಿ ಅಪ್ಪ ಹೇಗೆ ಚಡಪಡಿಸುತ್ತಾನೆ ಎಂದು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿದ. ಮೊದಲ ವರ್ಷವೇ ಐದು ವಿಷಯ ಪಾಸು. ಗಣಿತ ಪಾಸು, ಇಂಗ್ಲಿಷೂ ಪಾಸು. ಫೇಲಾದದ್ದು ಒಂದೇ, ಸಮಾಜ! ಮಗಳು ಊರ ಮಕ್ಕಳಿಗೆಲ್ಲ ಕಲಿಸುವ ವಿಷಯದಲ್ಲೇ ಅಪ್ಪ ಫೇಲು. ಶಾಲೆಯಲ್ಲಿ ಸಹೋದ್ಯೋಗಿಗಳು ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಅನ್ನದೇ ಇದ್ದದ್ದೇ ನನಗೆ ಚುಚ್ಚಿತು. ಮುಂದಿನ ಮಳೆಗಾಲಕ್ಕೆ ಕಾಲುವೆಗೆ ನೀರು ಬಿಡುವಷ್ಟರಲ್ಲಿ ಪಾಸಾಗಿದ್ದರೆ ಕೆಲಸ, ಇಲ್ಲವಾದರೆ ಬೇರೆಯವರಿಗೆ. ಅದಕ್ಕಿಂತ ಮುಂದೆ ಕಾಯುವುದಿಲ್ಲ ಎಂದು ಕಚೇರಿಯಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಪ್ರತಿ ಭಾನುವಾರ ಕುರುಗೋಡಿನಿಂದ ಬಸ್ಸು ಹಿಡಿದು ಅಪ್ಪನಿಗೆ ಪಾಠ ಹೇಳಲು ಹೊರಟೆ.

ಅಪ್ಪನಂಥ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿಲ್ಲ. ಕಾನ್‌ಸ್ಟಾಂಟಿನೋಪಲ್ ಪಟ್ಟಣವನ್ನು ತುರ್ಕರು ಗೆದ್ದರು, ಅದರಿಂದ ಯುರೋಪಿನವರು ಭಾರತಕ್ಕೆ ಸಮುದ್ರದ ದಾರಿ ಹುಡುಕಬೇಕಾಯಿತು. ನನ್ನ ಶಾಲೆಯ ಮಕ್ಕಳು ಇದನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಅಪ್ಪ ಮೀಸೆ ಸವರಿಕೊಂಡ.

"ಅಂದ್ರ ಮ್ಯಾಲಿನವ್ರು ಗೇಟ್ ಹಾಕ್ಯಾರ. ಕೆಳಗಿನವ್ರಿಗೆ ನೀರು ಬರವಲ್ದು. ಅವ್ರು ಬ್ಯಾರೆ ಕಡಿಂದ ಕಾಲುವಿ ತಗದಾರ. ಇಷ್ಟ ಹೌದಿಲ್ಲೋ?"

ಇಷ್ಟೇ ಹೌದು. ಇಷ್ಟು ವರ್ಷ ಅದನ್ನು ನಾನು ಹೀಗೆ ಹೇಳಿಯೇ ಇರಲಿಲ್ಲ. ಸೂಯೆಜ್ ಕಾಲುವೆ ಬಂದಾಗ ಮಾತ್ರ ಪೇಚಿಗೆ ಸಿಕ್ಕಿಸಿದ. ಅದಕ್ಕೆ ಎಷ್ಟು ಗೇಟು ಎಂದು ಕೇಳಿದ. ಗೇಟೇ ಇಲ್ಲ, ಎರಡೂ ಕಡೆ ಸಮುದ್ರ ಎಂದೆ. ಹಾಗಾದರೆ ನೀರು ಯಾವ ಕಡೆಗೆ ಹರಿಯುತ್ತದೆ, ಯಾರು ಮೊದಲು, ಯಾರು ಕೊನೆ? ಸರದಿಯೇನೂ ಇಲ್ಲ ಎಂದೆ. "ಸರದಿನ ಇಲ್ಲಂದ್ರ ಅದೇನ್ ಕೆನಾಲ್ ಬಿಡು" ಎಂದು ಅಪ್ಪ ಸೂಯೆಜನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ. ಒಳಗಿನಿಂದ ಅವ್ವ, "ಅಪ್ಪಗ ಮಗಳು ಕಲಸ್ತಾಳೋ, ಮಗಳಿಗೆ ಅಪ್ಪ ಕಲಸ್ತಾನೋ, ಯಾರರ ಹೇಳ್ರಿ ನನಗ" ಎಂದು ಕೂಗಿದಳು.

ಒಮ್ಮೆ ಬಳ್ಳಾರಿಯ ಆಸ್ಪತ್ರೆಗೆ ಮೊಣಕಾಲು ತೋರಿಸಲು ಹೋದಾಗ, ಹೇಗೂ ಬಂದಿದ್ದೇವೆ ಎಂದು ಆಟೋ ಮಾಡಿಕೊಂಡು ಸಂಗನಕಲ್ಲಿಗೆ, ಶಿಲಾಯುಗದ ಜನ ಇದ್ದ ಜಾಗಕ್ಕೆ, ಕರೆದೊಯ್ದೆ. ಕಲ್ಲಿನ ಕೊಡಲಿ ಮಸೆದು ಮಸೆದು ಬಂಡೆಯಲ್ಲಿ ಬಿದ್ದ ಗುಳಿಗಳನ್ನು ತೋರಿಸಿದೆ. ಸಾವಿರಾರು ವರ್ಷದ ಹಿಂದಿನವು ಎಂದೆ. ಅಪ್ಪ ಬೆರಳಿನಿಂದ ಆ ಗುಳಿಯನ್ನು ಮುಟ್ಟಿ ನೋಡಿ, ಸುತ್ತ ಕಣ್ಣಾಡಿಸಿ, "ಮಸಿಯಾಕ ನೀರು ಎಲ್ಲಿಂದ ತರ್ತಿದ್ರವ್ವ?" ಎಂದ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು. ಆದರೆ ವಾಪಸು ಬರುವಾಗ ಆಟೋದಲ್ಲಿ ನಾನು ಅದನ್ನೇ ಯೋಚಿಸಿದೆ.

ಇಷ್ಟು ಜಾಣ ಹೇಗೆ ಫೇಲಾದ? ಅದು ಗೊತ್ತಾದದ್ದು ನಕಾಶೆಯ ದಿನ. ಹೊರಗೆ ಪಡಸಾಲೆಯಲ್ಲಿ ಕೂತಿದ್ದೆವು. ನೀರಿನ ಸರದಿ ಕೇಳಲು ಬಂದಿದ್ದ ಇಬ್ಬರು ರೈತರೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. "ಭಾರತದ ನಕಾಶಿ ಬರದು ತುಂಗಭದ್ರಾ ಡ್ಯಾಮ್ ತೋರ್ಸಪ್ಪ" ಎಂದೆ. ಅಪ್ಪ ಹುಮ್ಮಸ್ಸಿನಿಂದ ಪೆನ್ಸಿಲ್ಲು ತೆಗೆದುಕೊಂಡ. ಗೆರೆ ನಡುಗುತ್ತಿತ್ತು, ಆದರೆ ಆಕಾರ ಚೆನ್ನಾಗಿಯೇ ಬಂತು. ಮುಗಿದಾಗ ನೋಡಿದರೆ, ಅರಬ್ಬೀ ಸಮುದ್ರ ಮೇಲೆ, ಕಲ್ಕತ್ತೆ ಕೆಳಗೆ, ಕನ್ಯಾಕುಮಾರಿ ಎಡಕ್ಕೆ. ಡ್ಯಾಮು ಮೇಲೆ, ಸಿರುಗುಪ್ಪ ಅದರ ಕೆಳಗೆ.

"ಏನಪ್ಪಾ ಇದು?"

"ಯಾಕ? ಡ್ಯಾಮ್ ಮ್ಯಾಲ ಐತಿ, ನಾವು ಕೆಳಗ ಅದೀವಿ. ನೀರು ಹಿಂಗ ಇಳಿದು ಬರ್ತೈತಿ."

ಕಾಲುವೆಯ ಜನ ಯಾವತ್ತೂ ಹೀಗೇ ಬರೆಯುವುದು. ಜಗಳ ಬಿಡಿಸುವಾಗ ಅಪ್ಪ ಸಲಿಕೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದುದು ಹೀಗೇ. ಎಲ್ಲಕ್ಕಿಂತ ಮೇಲೆ ಡ್ಯಾಮು, ಅಲ್ಲಿಂದ ಕೆಳಕ್ಕೆ ತೂಬುಗಳು, ಕಟ್ಟಕಡೆಗೆ ಕೊನೆಯ ಹೊಲ. ನಾನು ಅದನ್ನು ನೂರು ಸಲ ನೋಡಿದ್ದೆ, ಆ ಗೆರೆಗಳ ಮೇಲೆ ಕುಂಟೆಬಿಲ್ಲೆ ಆಡಿದ್ದೆ. ಆದರೂ ಆ ಕ್ಷಣ ಅದ್ಯಾವುದೂ ನೆನಪಿಗೆ ಬರಲಿಲ್ಲ. ಹೋದ ವರ್ಷದ ಐದು ಅಂಕ ಹೀಗೆ ಹೋಯಿತಲ್ಲ ಎಂದು ತಲೆ ಕೆಟ್ಟುಹೋಯಿತು.

"ಮೂವತ್ತ ವರ್ಷ ಕೆನಾಲ್ ಮ್ಯಾಲ ತಿರುಗಿ ನಿನಗ ದಿಕ್ಕ ಗೊತ್ತಿಲ್ಲಲ್ಲಪ್ಪಾ! ನಮ್ಮ ಸಾಲಿ ಹುಡುಗ್ರು ನೋಡಿದ್ರ ನಗ್ತಾವು ನಿನ್ನ ನೋಡಿ."

ಚಹಾ ಕುಡಿಯುತ್ತಿದ್ದವರು ಲೋಟದೊಳಗೆ ನೋಡತೊಡಗಿದರು. ಅಪ್ಪನ ಮಾತನ್ನು ಕೇಳಿ ತಮ್ಮ ಹೊಲಕ್ಕೆ ನೀರು ಬಿಟ್ಟುಕೊಳ್ಳುವ ಜನ ಅವರು. ಅಪ್ಪ ಪೆನ್ಸಿಲ್ಲನ್ನು ಪುಸ್ತಕದ ನಡುವೆ ಇಟ್ಟು, ಪುಸ್ತಕ ಮುಚ್ಚಿ, "ಬ್ಯಾಡ ಬಿಡವ್ವ ಹಂಗಾದ್ರ" ಎಂದು ಎದ್ದುಹೋದ. ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಮೆತ್ತಗೆ ಹೇಳಿದ.

ಮುಂದಿನ ಭಾನುವಾರ ಹೋದರೆ ಅಪ್ಪ ಮನೆಯಲ್ಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. "ನಿನ್ನ ಬಸ್ಸಿನ ಟೈಮಿಗೆ ಏರಿ ಕಡಿ ಹೋಗ್ತಾನ ನೋಡು. ಮಣಕಾಲ ನೋವು ಅಂತಾನ, ಅದೆಂಗ ಹೋಗ್ತಾನೋ ಏನೋ" ಎಂದು ಅವ್ವ ನನ್ನ ಮುಖ ನೋಡದೆ ಜೋಳದ ಹಿಟ್ಟು ನಾದಿದಳು. ಆಮೇಲೆ ತಡೆಯಲಾರದೆ, "ನಿನಗ ನಾಲಿಗಿ ಕೊಟ್ಟ ದೇವ್ರು ಬ್ರೇಕ್ ಕೊಡಾಕ ಮರತಾನ" ಎಂದಳು. ಪುಸ್ತಕ ಗೂಡಿನಲ್ಲಿ ಧೂಳು ತಿನ್ನುತ್ತಿತ್ತು. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಆ ವಾರ ಎಂಟನೇ ತರಗತಿಯಲ್ಲಿ ಈಜಿಪ್ಟಿನ ಪಾಠ. ಮೇಲಿನ ಈಜಿಪ್ಟು, ಕೆಳಗಿನ ಈಜಿಪ್ಟು ಎಂದು ಎರಡು ನಾಡುಗಳಿದ್ದವು, ಅವೆರಡು ಒಂದಾದವು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗೋಡೆಯ ನಕಾಶೆ ತೋರಿಸಿ, "ಟೀಚರ್, ಮ್ಯಾಲಿನ ಈಜಿಪ್ಟ್ ಯಾಕ ಕೆಳಗ ಐತ್ರಿ?" ಎಂದು ಕೇಳಿದಳು. ಹೌದು, ಇದೆ. ದಕ್ಷಿಣದಲ್ಲಿದೆ. ಹಿಂದಿನ ವರ್ಷಗಳಲ್ಲಿ ಯಾರಾದರೂ ಕೇಳಿದರೆ "ಹಂಗ ಐತಿ, ಬಾಯಿಪಾಠ ಮಾಡ್ರಿ" ಎನ್ನುತ್ತಿದ್ದೆ. ಈ ಸಲವೂ ಅದನ್ನೇ ಹೇಳಲು ಹೊರಟವಳು ನಕಾಶೆಯ ಕಡೆ ತಿರುಗಿದೆ. ನೈಲ್ ನದಿ ಹುಟ್ಟುವುದು ದಕ್ಷಿಣದಲ್ಲಿ. ನೀರು ಬರುವ ಕಡೆ ಅವರಿಗೆ ಮೇಲು, ನೀರು ಹೋಗುವ ಕಡೆ ಕೆಳಗು. ಅಯ್ಯೋ ಶಿವನೇ, ಇವರೂ ಕಾಲುವೆಯ ಜನವೇ!

ಸ್ಟಾಫ್ ರೂಮಿನಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಈಜಿಪ್ಟಿನ ಸೈನಿಕರು ದೂರದ ಯೂಫ್ರೆಟಿಸ್ ನದಿಗೆ ಹೋದಾಗ, ಅದು ಉತ್ತರದಿಂದ ದಕ್ಷಿಣಕ್ಕೆ ಹರಿಯುವುದನ್ನು ಕಂಡು ಬೆರಗಾಗಿ, ಇದು ತಿರುಗಾಮುರುಗಾ ಹರಿಯುವ ನೀರು ಎಂದರಂತೆ. ಅವರನ್ನು ನೋಡಿ ನಾನು ನಕ್ಕಿರಲಿಲ್ಲ. ಪಿರಮಿಡ್ಡು ಕಟ್ಟಿದವರೆಂದು ಕೈಮುಗಿದೇ ಪಾಠ ಮಾಡಿದ್ದೆ. ಅಟ್ಲಾಸ್ ತೆಗೆದು ಭಾರತದ ಪುಟವನ್ನು ಅಪ್ಪ ಬರೆದಂತೆ ತಿರುಗಿಸಿ ಇಟ್ಟುಕೊಂಡೆ. ಗೋದಾವರಿ ಮೇಲಿನಿಂದ ಕೆಳಕ್ಕೆ ಇಳಿಯಿತು. ಕೃಷ್ಣೆ ಇಳಿಯಿತು, ಕಾವೇರಿ ಇಳಿಯಿತು. ನಮ್ಮ ತುಂಗಭದ್ರೆಯೂ ಇಳಿದಳು. ಗಂಗೆ ಕೂಡ ಇಳಿದೇ ಬಂದಳು. ಇಷ್ಟು ವರ್ಷ ಕಲಿಸಿದ ನದಿಗಳು ನನ್ನ ಕಣ್ಣ ಮುಂದೆ ಮೊದಲ ಸಲ ಹರಿದವು. ನನಗೆ ಅಳು ಬಂತು. ಪಕ್ಕದಲ್ಲಿದ್ದ ವಿಜ್ಞಾನದ ಮೇಡಂ, ಕಣ್ಣಿಗೆ ಏನಾಯಿತು ಎಂದು ಕೇಳಿದರು.

ಭಾನುವಾರದವರೆಗೆ ಕಾಯಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ಅಟ್ಲಾಸ್ ಹಿಡಿದು ಬಸ್ಸು ಹತ್ತಿದೆ. ಅಪ್ಪ ಏರಿಯ ಮೇಲೆ ಗೇಜಿನ ಶೆಡ್ಡಿನ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ. ನಾನು ಬರುವ ದಿನವಲ್ಲವಾದ್ದರಿಂದ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದ. ಪಕ್ಕದಲ್ಲಿ ಕೂತು, ಪೀಠಿಕೆ ಹಾಕದೆ, "ತಪ್ಪಾತಪ್ಪಾ. ಮಂದಿ ಮುಂದ ನಿನಗ ಹಂಗ ಅನಬಾರದಿತ್ತು. ನೀ ಬರದದ್ದು ತಪ್ಪಲ್ಲ" ಎಂದೆ. ಈಜಿಪ್ಟಿನ ಕಥೆ ಹೇಳಿದೆ.

"ಅಷ್ಟ ವರ್ಷದ ಹಿಂದನೂ ಡ್ಯಾಮ್ ಕಡಿ ಮ್ಯಾಲ ಅಂತಿದ್ರ?"

"ಡ್ಯಾಮ್ ಇರ್ಲಿಲ್ಲಪ್ಪ, ನೀರು ಬರೋ ಕಡಿ."

"ಅದ ಅವ್ವ. ಯಾರಿಗೆ ಬೇಕಾದ್ರೂ ಗೊತ್ತಾಗ್ತೈತಿ."

ಅಟ್ಲಾಸನ್ನು ತಿರುಗಿಸಿ ಅಪ್ಪನ ತೊಡೆಯ ಮೇಲಿಟ್ಟೆ. ನದಿಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತ ಹೋದವನು ಒಂದು ಕಡೆ ನಿಂತ. ನಡುವಿನ ದೊಡ್ಡ ನದಿಗಳೆಲ್ಲ ಕೆಳಗಿಳಿಯುವಾಗ ಎರಡು ಮಾತ್ರ ಮೇಲಕ್ಕೆ ಹೊರಟಿದ್ದವು. "ಇವ್ಯಾವು?" ನರ್ಮದಾ, ತಪತಿ ಎಂದೆ. "ಹಟಮಾರಿ ಅದಾವು, ನಿನ್ನಂಗ" ಎಂದು ನಕ್ಕ. ಮೂರು ವಾರದ ಮೇಲೆ ಅಪ್ಪ ನಕ್ಕದ್ದು.

ಯಾವ ದಿಕ್ಕನ್ನು ಮೇಲೆ ಇಟ್ಟರೂ ನಡೆಯುತ್ತದೆ, ಉತ್ತರ ಯಾವ ಕಡೆ ಎಂದು ಒಂದು ಬಾಣ ಹಾಕಿದರೆ ನೋಡುವವರಿಗೆ ತಿಳಿಯುತ್ತದೆ ಎಂದು ವಿವರಿಸಿದೆ. ಆಮೇಲೆ ನನ್ನೊಳಗಿನ ಟೀಚರಮ್ಮ ಎದ್ದಳು. "ಆದ್ರ ಪರೀಕ್ಷಾದಾಗ ಮಾತ್ರ ಪುಸ್ತಕದಾಗ ಇದ್ದಂಗ ಬರಿ. ತಿದ್ದೋರು ಹೆಂಗ ಇರ್ತಾರೋ ಗೊತ್ತಿಲ್ಲ." ಅಪ್ಪ ಹೂಂಗುಟ್ಟಿದ. ಆವತ್ತಿನಿಂದ ಪುಸ್ತಕ ಗೂಡಿನಿಂದ ಇಳಿಯಿತು.

ಪರೀಕ್ಷೆಯ ದಿನ ಸಿರುಗುಪ್ಪದ ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಮಕ್ಕಳ ತಾಯಂದಿರ ನಡುವೆ ನಾನೂ ನಿಂತಿದ್ದೆ. ನಿಮ್ಮ ಮಗಳೋ ಮಗನೋ ಎಂದು ಒಬ್ಬಾಕೆ ಕೇಳಿದಳು. ನಮ್ಮಪ್ಪ ಎಂದೆ. ಗಂಟೆ ಹೊಡೆದ ಮೇಲೆ ಹುಡುಗರ ಗುಂಪಿನ ನಡುವೆ ಅಪ್ಪ ಮೆಲ್ಲಗೆ ಕುಂಟುತ್ತ ಬಂದ. ಮುಖ ಅರಳಿತ್ತು.

"ನಕಾಶಿ?" ಎಂದೆ.

"ಬರದೆ. ನಂದ ಬರದೆ. ಬಾಣ ಹಾಕೀನಿ."

ಸಿಟ್ಟು ನಾಲಿಗೆಯ ತುದಿಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಅದನ್ನು ನುಂಗಿದೆ. "ಯಾಕಪ್ಪಾ?"

"ಪುಸ್ತಕದಂಗ ಬರಿಯಾಕ ಸುರು ಮಾಡಿದ್ನೆವ್ವ. ಹೊಳಿ ಎಲ್ಲಿಂದ ಎಲ್ಲಿಗೆ ಹೋಗ್ತೈತಿ ಅನ್ನದ ತಿಳಿವಲ್ದಾತು. ಟೈಮ್ ಹೊಂಟಿತ್ತು. ಅಳಸಿ, ನನಗ ಬರೋವಂಗ ಬರದೆ. ಕೇಳಿದ್ದೆಲ್ಲಾ ತೋರ್ಸೀನಿ. ನೀನ ಹೇಳಿದ್ದಿ, ತಪ್ಪಲ್ಲಂತ."

ನಾನೇ ಹೇಳಿದ್ದೆ. ಅಪ್ಪನಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದೆ, ನನ್ನ ಪಾಲನ್ನೂ ಅವನ ಕಡೆಗೇ ಸರಿಸಿದೆ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಾಗ ಆ ಹಳೆಯ ಪತ್ರಿಕೆ ನೆನಪಾಯಿತು. ಕನ್ಯಾಕುಮಾರಿ ಎಡಕ್ಕೆ, ಕಾಶ್ಮೀರ ಬಲಕ್ಕೆ. ನಿದ್ದೆ ಬಂದ ದೇಶ. ಅದೇ ನಕಾಶೆ. ಎಲ್ಲೋ ಒಂದು ಊರಿನ ಬಿಸಿಗಾಳಿಯ ಕೋಣೆಯಲ್ಲಿ ಯಾರೋ ಅಪ್ಪನ ಹಾಳೆಯನ್ನು ಎತ್ತಿ ಹಿಡಿದು ನಗಿಸುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಯಾಕೆಂದರೆ ಅಲ್ಲಿ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ. ಆ ವರ್ಷ ಬಳ್ಳಾರಿಯಲ್ಲಿ ಪತ್ರಿಕೆ ತಿದ್ದುವಾಗ ಒಂದೊಂದು ನಕಾಶೆಗೂ ಎರಡರಷ್ಟು ಹೊತ್ತು ತೆಗೆದುಕೊಂಡು ಮೇಲ್ವಿಚಾರಕರಿಂದ ಬೈಸಿಕೊಂಡೆ.

ಫಲಿತಾಂಶ ಬಂದಾಗ ಫೋನಿನಲ್ಲಿ ನಾನೇ ಮೊದಲು ನೋಡಿದೆ. ಅಪ್ಪ ಪಾಸು! ಪಾಸಾಗಲು ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚು. ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಮಾತ್ರ ಲೆಕ್ಕ ಬಗೆಹರಿಯಲಿಲ್ಲ. ನಕಾಶೆಯ ಐದು ಅಂಕ ಬರದಿದ್ದರೆ ಅಪ್ಪ ಪಾಸಾಗುವ ಹಾಗೇ ಇರಲಿಲ್ಲ. ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿದೆ. ಪಾಸಾದವರು ಯಾಕೆ ಹಾಕುತ್ತಾರೆ ಎಂದು ಸೈಬರ್ ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ.

ನಕಲು ಬರುವ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಾಗಿತ್ತು, ಅಪ್ಪ ಶೆಡ್ಡಿನಲ್ಲಿ ಕೂತಾಗಿತ್ತು. ಫೋನಿನಲ್ಲಿ ಪುಟಗಳನ್ನು ಸರಿಸುತ್ತ ಅಲ್ಲಿಯೇ, ಅವನ ಪಕ್ಕದಲ್ಲೇ, ನೋಡಿದೆ. ಕೊನೆಯ ಪುಟದಲ್ಲಿ ಅಪ್ಪನ ಭಾರತ. ಅರಬ್ಬೀ ಸಮುದ್ರ ಮೇಲೆ. ಬಲಕ್ಕೆ ಒಂದು ದಪ್ಪ ಬಾಣ, ಅದರ ತುದಿಗೆ 'ಉತ್ತರ' ಎಂದು ಗುಂಡಗೆ ಬರೆದಿದ್ದ. ಪ್ರತಿ ಗುರುತಿನ ಪಕ್ಕ ಕೆಂಪು ಟಿಕ್ಕು ಬಿದ್ದಿತ್ತು. ಆ ಟಿಕ್ಕುಗಳೆಲ್ಲ ಅಡ್ಡ ಮಲಗಿದ್ದವು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಫೋನನ್ನು ಬಾಣ ಮೇಲೆ ಬರುವಂತೆ ತಿರುಗಿಸಿದೆ. ಟಿಕ್ಕುಗಳು ಎದ್ದು ನಿಂತವು. ಯಾರೋ ಆ ಬಿಸಿಲಲ್ಲಿ, ಆ ರಾಶಿಯ ನಡುವೆ, ಬಾಣ ನೋಡಿ ಹಾಳೆಯನ್ನು ತಿರುಗಿಸಿ ಇಟ್ಟುಕೊಂಡು ತಿದ್ದಿದ್ದರು.

"ಯಾರಂತವ್ವ ಅವ್ರು?" ಅಪ್ಪ ಕೇಳಿದ.

"ಗೊತ್ತಾಗಂಗಿಲ್ಲಪ್ಪ. ಹೆಸರು ಹಾಕಂಗಿಲ್ಲ."

ಹೇಳದೆ ಇರಬಹುದಿತ್ತು. ಆದರೆ ಆ ಅಡ್ಡ ಟಿಕ್ಕುಗಳನ್ನು ನೋಡಿದ ಮೇಲೆ ಒಳಗೆ ಇಟ್ಟುಕೊಳ್ಳಲು ಆಗಲಿಲ್ಲ. ನನ್ನ ಕೈಗೆ ಬಂದಿದ್ದ ಆ ನಕಾಶೆಯ ವಿಷಯ ಎಲ್ಲ ಹೇಳಿದೆ. ನಗಿಸಿದ್ದನ್ನೂ ಹೇಳಿದೆ, ಸೊನ್ನೆ ಹಾಕಿದ್ದನ್ನೂ ಹೇಳಿದೆ. ಅಪ್ಪ ನೀರು ನೋಡುತ್ತ ಕೂತಿದ್ದ.

"ಅದರಾಗ ಬಾಣ ಇತ್ತೇನವ್ವ?"

"ಗೊತ್ತಿಲ್ಲಪ್ಪ. ನಾ ನೋಡ್ಲೇ ಇಲ್ಲ."

ಗೇಜು ನೋಡುವ ಹೊತ್ತಾಗಿತ್ತು. ಅಪ್ಪ ಗೋಡೆ ಹಿಡಿದುಕೊಂಡು ಎದ್ದ. ಮೆಟ್ಟಿಲಿನ ಹತ್ತಿರ ಹೋದವನು ಅಲ್ಲೇ ನಿಂತು, "ಆ ಕೂಸೂ ಯಾವ್ದೋ ಕೆನಾಲಿನ ಕೆಳಗಿನ ಊರಿಂದ ಇರಬೇಕು" ಎಂದ. ಆಮೇಲೆ ಬಗ್ಗಿ, ನೀರು ಎಷ್ಟು ಅಡಿ ಇದೆ ಎಂದು ನೋಡತೊಡಗಿದ.